ಲೆವ್ ಥೆರೆಮಿನ್: ಬ್ಯಾಟರಿ ಬೇಡದ ಟ್ಯಾಗ್‌ಗೂ ಮೊದಲು

ಬಟ್ಟೆ ಅಂಗಡಿ ಬಾಗಿಲಲ್ಲಿ ಗೇಟ್ ಕೂಗೋದನ್ನ ನಾವೆಲ್ಲ ಕೇಳಿದ್ದೀವಿ. ಬಟ್ಟೆಯ ಟ್ಯಾಗ್‌ನಲ್ಲಿ ಬ್ಯಾಟರಿ ಇರಲ್ಲ. ಗೇಟ್ ಕಳಿಸುವ ರೇಡಿಯೋ ಅಲೆಯಿಂದಲೇ ಅದು ಕೆಲಸ ಮಾಡುತ್ತೆ. ಈ ಟ್ಯಾಗ್ ಮಾಡಿದ್ದು ಥೆರೆಮಿನ್ ಅಲ್ಲ. ಆದರೆ ಬ್ಯಾಟರಿ ಇಲ್ಲದೆ ಮಾಹಿತಿ ಕಳಿಸಬಹುದು ಅಂತ ಅವರು ಮೊದಲೇ ಮಾಡಿ ತೋರಿಸಿದ್ದರು.

1896ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಇವರು 1920ರಲ್ಲಿ ಮುಟ್ಟದೇ ನುಡಿಸುವ ವಾದ್ಯ ಕಂಡುಹಿಡಿದರು. ಕೈ ಹತ್ತಿರ ಬಂದರೆ ಕೆಪಾಸಿಟೆನ್ಸ್ ಬದಲಾಗಿ ಸ್ವರವೂ ಬದಲಾಗುತ್ತೆ. ಇದೇ ತತ್ವದಲ್ಲಿ ಕಳ್ಳರ ಅಲಾರಂ ಕೂಡ ಮಾಡಿ, 1922ರಲ್ಲಿ ಎರಡನ್ನೂ ಲೆನಿನ್‌ಗೆ ತೋರಿಸಿದರು. 1927ರಲ್ಲಿ ಅಮೆರಿಕಕ್ಕೆ ಹೋಗಿ ಹೆಸರು ಮಾಡಿದರು.

1938ರಲ್ಲಿ ವಾಪಸ್ ಬಂದವರನ್ನು ಮರುವರ್ಷವೇ ಬಂಧಿಸಿ ಕೊಲಿಮಾದ ಶಿಬಿರಕ್ಕೆ ಕಳಿಸಿದರು. ಆಮೇಲೆ ಕೈದಿಗಳೇ ಕೆಲಸ ಮಾಡುವ ಸರ್ಕಾರಿ ಲ್ಯಾಬ್‌ಗೆ ಹಾಕಿದರು. ಅಲ್ಲಿ ಅವರು ಮಾಡಿದ್ದು ಒಂದು ಕದ್ದು ಕೇಳುವ ಯಂತ್ರ. ಮರದಲ್ಲಿ ಕೆತ್ತಿದ ಅಮೆರಿಕದ ಲಾಂಛನದೊಳಗೆ ಅದನ್ನು ಅಡಗಿಸಿ, 1945ರಲ್ಲಿ ಸೋವಿಯತ್ ಮಕ್ಕಳ ಕೈಯಲ್ಲಿ ಮಾಸ್ಕೋದ ಅಮೆರಿಕನ್ ರಾಯಭಾರಿಗೆ ಉಡುಗೊರೆ ಕೊಡಿಸಿದರು. ಒಳಗೆ ವೈರ್ ಇಲ್ಲ, ಬ್ಯಾಟರಿ ಇಲ್ಲ. ಒಂದು ಆಂಟೆನಾ, ಒಂದು ಕ್ಯಾವಿಟಿ, ತೆಳ್ಳನೆ ಪೊರೆ, ಅಷ್ಟೆ. ಹೊರಗಿಂದ ರೇಡಿಯೋ ಅಲೆ ಬಿಟ್ಟಾಗ, ಮಾತಿಗೆ ಅಲುಗಾಡುವ ಪೊರೆ ವಾಪಸ್ ಹೋಗುವ ಅಲೆಯನ್ನು ಬದಲಿಸುತ್ತಿತ್ತು. ಅದು ಸಿಕ್ಕಿಬಿದ್ದಿದ್ದು 1952ರಲ್ಲಿ!

ಕಳ್ಳರನ್ನ ಹಿಡಿಯೋ ಅಲಾರಂ ಮಾಡಿದ ಈ ಮನುಷ್ಯ ತಾನೇ ಕೈದಿಯಾಗಿ ವರ್ಷಗಟ್ಟಲೆ ಕಳೆದರು. 1947ರಲ್ಲಿ ಬಿಡುಗಡೆ, ಅದೇ ವರ್ಷ ಸ್ಟಾಲಿನ್ ಪ್ರಶಸ್ತಿ. ನಿರಪರಾಧಿ ಅಂತ ಸರ್ಕಾರ ಒಪ್ಪಿದ್ದು 1956ರಲ್ಲಿ. ತೀರಿಕೊಂಡಿದ್ದು 1993ರಲ್ಲಿ, ಮಾಸ್ಕೋದಲ್ಲಿ. ಲ್ಯಾಬ್‌ನಲ್ಲಿ ರೆಸೊನೆನ್ಸ್ ಗ್ರಾಫ್ ಬರೆಯುವಾಗ ನಾವು ಇವರನ್ನೂ ಒಮ್ಮೆ ನೆನೆಯೋಣ.