ಆನೆ ಏರದ ಹಾಡು

ಹೊಸ ಆಲ್ಬಂ ಬಂತೆಂದರೆ ಮೊದಲ ದಿನವೇ ಅದರ ಹಣೆಬರಹ ಬರೆದು ಮುಗಿಸುವ ಕಾಲ ನಮ್ಮದು. ಎಷ್ಟು ವ್ಯೂಸ್, ಎಷ್ಟು ಲೈಕ್ಸ್, ಟ್ರೆಂಡಿಂಗ್‌ನಲ್ಲಿ ಎಷ್ಟನೇ ನಂಬರ್? ಸಂಖ್ಯೆ ಕಡಿಮೆಯಾದರೆ ಫ್ಲಾಪ್, ಮುಂದಿನ ಹಾಡು ಹಾಕಿ! ಆದರೆ ನಮ್ಮ ಮೂಡುಬಿದಿರೆಯಲ್ಲೇ ಹೀಗೊಬ್ಬ ಹಾಡುಗಾರನ ದೊಡ್ಡ ಕೃತಿ ಬಿಡುಗಡೆಯ ದಿನವೇ ಮುಗ್ಗರಿಸಿತ್ತು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅದು 16ನೇ ಶತಮಾನ. ಕವಿಯ ಹೆಸರು ರತ್ನಾಕರವರ್ಣಿ. ಕೃತಿ ‘ಭರತೇಶ ವೈಭವ’.

ನಾನು ಬಿ.ಇ. ವಿದ್ಯಾರ್ಥಿ. ಬಂಟ್ವಾಳದಿಂದ ಸಿದ್ಧಕಟ್ಟೆ ಮಾರ್ಗವಾಗಿ ಮೂಡುಬಿದಿರೆಗೆ ಬಸ್ಸಿನಲ್ಲಿ ಬಂದುಹೋಗುತ್ತೇನೆ. ಶಾಲೆಯಲ್ಲಿ ರತ್ನಾಕರವರ್ಣಿ ಎಂದರೆ ಕವಿ, ಕಾಲ, ಕೃತಿ ಎಂದು ಬಾಯಿಪಾಠ ಮಾಡಿದ ಒಂದು ಅಂಕದ ಪ್ರಶ್ನೆಯಾಗಿದ್ದ. ಅವನ ಬದುಕಿನ ಕತೆ ಓದಿದ್ದು ಈಚೆಗೆ. ಓದಿದ ಮೇಲೆ ದಿನಾ ಓಡಾಡುವ ಊರೇ ಬೇರೆಯಾಗಿ ಕಾಣತೊಡಗಿತು.

ರತ್ನಾಕರ ಹುಟ್ಟಿದ್ದು ಮೂಡುಬಿದಿರೆಯಲ್ಲಿ. ಅವನು ಹುಟ್ಟುವ ಹೊತ್ತಿಗೆ 1430ರ ಸಾವಿರ ಕಂಬದ ಬಸದಿ ಹಳೆಯ ಕಟ್ಟಡವಾಗಿತ್ತು. ಪಕ್ಕದ ಕಾರ್ಕಳದ ಬೆಟ್ಟದ ಮೇಲೆ 1432ರಲ್ಲೇ ಬಾಹುಬಲಿ ನಿಂತಾಗಿತ್ತು. ಕಾರ್ಕಳದ ಭೈರರಸರ ಆಸ್ಥಾನದಲ್ಲಿ ರತ್ನಾಕರ ಶೃಂಗಾರ ಕವಿಯೆಂದು ಹೆಸರು ಮಾಡಿದನಂತೆ. ಅರಸನ ಮಗಳೇ ಅವನಿಗೆ ಮನಸೋತಳು, ಗುಟ್ಟು ಬಯಲಾದಾಗ ಅವನು ಅರಮನೆ ಬಿಟ್ಟು ಓಡಿಬಂದು ಗುರುಗಳಲ್ಲಿ ವ್ರತ ತೊಟ್ಟ ಎಂದು ಐತಿಹ್ಯ ಹೇಳುತ್ತದೆ. ಈ ಕತೆಗಳನ್ನೆಲ್ಲ ‘ರಾಜಾವಳಿ ಕಥೆ’ಯಲ್ಲಿ ಬರೆದಿಟ್ಟವನು 19ನೇ ಶತಮಾನದ ದೇವಚಂದ್ರ. ಕವಿ ತೀರಿಕೊಂಡು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಬರೆದದ್ದು. ಹಾಗಾಗಿ ಪ್ರತಿ ಮಾತನ್ನೂ ದಾಖಲೆ ಎನ್ನಲಾಗದು. ಆದರೂ ಜನ ತಮ್ಮ ಕವಿಯನ್ನು ಹೇಗೆ ನೆನಪಿಟ್ಟುಕೊಂಡರು ಎಂಬುದಕ್ಕಂತೂ ಅದೇ ಸಾಕ್ಷಿ.

ಇನ್ನು ಕೃತಿಯ ವಿಷಯ. ‘ಭರತೇಶ ವೈಭವ’ ಇರುವುದು ಸಾಂಗತ್ಯದಲ್ಲಿ. ಸಾಂಗತ್ಯ ಎಂದರೆ ನಾಲ್ಕು ಸಾಲಿನ ಪದ್ಯ, ಒಂದು ಸಾಲು ಉದ್ದ, ಇನ್ನೊಂದು ಗಿಡ್ಡ. ಪಂಡಿತರು ಕುಳಿತು ಅರ್ಥ ಬಿಡಿಸುವುದಕ್ಕಿಂತ ಜನ ಕೂಡಿ ಹಾಡುವುದಕ್ಕೆ ಹೇಳಿ ಮಾಡಿಸಿದ ಛಂದಸ್ಸು. ಅಂಥ ಪದ್ಯಗಳು ಇದರಲ್ಲಿ ಸುಮಾರು 10,000. ಲೆಕ್ಕ ಹಾಕಿದರೆ 40,000 ಸಾಲು! ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯ ಎಂದು ಐದು ಭಾಗ.

ಈ ಹಾಡು ಯಾರಿಗಾಗಿ ಎಂಬುದನ್ನು ಕವಿ ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಕನ್ನಡದವರು, ತೆಲುಗಿನವರು, ತುಳುವರು ಎಲ್ಲರೂ ತಮ್ಮ ತಮ್ಮ ಮಾತಿನಲ್ಲೇ ಭೇಷ್ ಎನ್ನುತ್ತ ಮೈಯುಬ್ಬಿ ಕೇಳಬೇಕು ಎಂಬುದು ಅವನ ಆಸೆ. ಆ ಪದ್ಯದೊಳಗೆ ನಮ್ಮ ತುಳುವಿನ ಮೆಚ್ಚುಗೆಯ ಮಾತು ತುಳುವಿನಲ್ಲೇ ಇದೆ. ಮನೆಯಲ್ಲಿ ಅಜ್ಜಿ ಆಡುವಂಥ ಮಾತನ್ನು ಅಷ್ಟು ಹಳೆಯ ಕಾವ್ಯದಲ್ಲಿ ಕಂಡಾಗ ನನಗೆ ರೋಮಾಂಚನವಾಯಿತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಪ್ಯಾನ್ ಇಂಡಿಯಾ ಕನಸು!

ಕಥೆಯ ಆಯ್ಕೆಯೂ ಧೈರ್ಯದ್ದೇ. ಕರಾವಳಿಯ ನಮಗೆ ಬಾಹುಬಲಿ ಗೊತ್ತು. ಅಣ್ಣ ಭರತನನ್ನು ದೃಷ್ಟಿ, ಜಲ, ಮಲ್ಲ ಎಂಬ ಮೂರೂ ಯುದ್ಧಗಳಲ್ಲಿ ಗೆದ್ದು, ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ಹೋದ ವೀರ. ಭರತನೆಂದರೆ ಸೋತ ಅಣ್ಣ. ಬಾಹುಬಲಿಯ ಊರುಗಳ ನಡುವೆ ಕುಳಿತು ರತ್ನಾಕರ ನಾಯಕನ ಪಟ್ಟ ಕಟ್ಟಿದ್ದು ಆ ಭರತನಿಗೆ. ಅವನ ಕಾವ್ಯದಲ್ಲಿ ಯುದ್ಧ ನಡೆಯುವ ಮೊದಲೇ ಅಣ್ಣನ ಮಾತಿಗೆ ತಮ್ಮನ ಮನಸ್ಸು ಕರಗುತ್ತದೆ. ಭರತ ರಾಜ್ಯ ಆಳುತ್ತಾನೆ, ಹೆಂಡಿರು ಮಕ್ಕಳೊಂದಿಗೆ ನಗುತ್ತಾನೆ, ಸಂಗೀತ ಕೇಳುತ್ತಾನೆ, ಉಣ್ಣುತ್ತಾನೆ. ಎಲ್ಲದರ ನಡುವೆಯೂ ಒಳಗೆ ಯೋಗಿ. ಕಾಡಿಗೆ ಹೋಗದೆಯೂ ಮನಸ್ಸನ್ನು ಗೆಲ್ಲಬಹುದು ಎಂಬುದು ಸಂಸಾರಸ್ಥರಿಗೆ ಎಷ್ಟು ಹತ್ತಿರದ ಮಾತು!

ಇಂಥ ಕೃತಿಯನ್ನು ಆನೆಯ ಮೇಲಿಟ್ಟು ಊರಲ್ಲಿ ಮೆರವಣಿಗೆ ಮಾಡಬೇಕೆಂಬ ಆಸೆ ಹುಟ್ಟಿತಂತೆ. ಅಂದಿನ ಕಾಲಕ್ಕೆ ಅದೇ ಬಿಡುಗಡೆ ಸಮಾರಂಭ, ಅದೇ ಮನ್ನಣೆ. ಆದರೆ ಭಟ್ಟಾರಕರು ಒಪ್ಪಲಿಲ್ಲ. ಎರಡು ಮೂರು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವಾಗಿವೆ ಎಂಬುದು ಅವರ ಆಕ್ಷೇಪ. ಸುಮಾರು 10,000ದಲ್ಲಿ ಎರಡು ಮೂರು!

ಮೊದಲ ಸಲ ಇದನ್ನು ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಆಮೇಲೆ ಯೋಚಿಸಿದೆ. ನಮ್ಮ ವರ್ಕ್‌ಶಾಪಿನಲ್ಲೂ ಒಂದು ಅಳತೆ ಮಿತಿ ಮೀರಿದರೆ ಇಡೀ ಬಿಡಿಭಾಗ ತಿರಸ್ಕೃತವೇ. ಅಳೆಯುವವನಿಗೆ ನಮ್ಮ ಮೇಲೆ ದ್ವೇಷವಿರುವುದಿಲ್ಲ, ಅಳೆಯುವುದು ಅವನ ಕೆಲಸ. ಧವಲದಂಥ ಆಗಮ ಗ್ರಂಥಗಳ ತಾಳೆಗರಿಗಳನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದ ಊರು ಇದು. ಒಂದು ಅಕ್ಷರವೂ ಕದಲಬಾರದು ಎಂಬ ಕಾಳಜಿ ಇಲ್ಲದಿದ್ದರೆ ಅವು ಉಳಿಯುತ್ತಲೂ ಇರಲಿಲ್ಲ. ಆದರೆ ಶಾಸ್ತ್ರ ಕಾಯುವ ಅಳತೆಗೋಲಿನಿಂದ ಹಾಡನ್ನು ಅಳೆದರೆ ಏನಾಗುತ್ತದೆ ಎಂಬುದನ್ನು ಮುಂದಿನ ಕತೆ ಹೇಳುತ್ತದೆ.

ಮಾತಿಗೆ ಮಾತು ಬೆಳೆಯಿತು. ಕವಿಗೆ ಯಾರೂ ಊಟ ಕೊಡಬಾರದೆಂದು ಊರಿನ 700 ಶ್ರಾವಕರ ಮನೆಗಳಿಗೆ ಅಪ್ಪಣೆಯಾಯಿತಂತೆ. ನಿನ್ನೆಯವರೆಗೆ ಹಾಡು ಕೇಳಿ ತಲೆದೂಗಿದವರೇ ಬಾಗಿಲು ಹಾಕಿಕೊಂಡರು. ಆಗ ಅವನಿಗೆ ಅನ್ನ ಹಾಕಿದವಳು ಅವನ ಸೋದರಿ. ಬಹಳ ದಿನ ಅವಳ ಮನೆಯಲ್ಲೇ ಉಂಡನಂತೆ. ಕೊನೆಗೆ ನೊಂದು ಜೈನಮತವನ್ನೇ ಬಿಟ್ಟು ವೀರಶೈವನಾದ, ಕೆಲಕಾಲದ ಬಳಿಕ ಮರಳಿ ಬಂದ ಎಂದು ಕತೆ ಮುಂದುವರಿಯುತ್ತದೆ.

ಈ ಕತೆಯಲ್ಲಿ ನನ್ನನ್ನು ಬಿಡದೆ ಕಾಡುವುದು ಆನೆಯೂ ಅಲ್ಲ, ಜಗಳವೂ ಅಲ್ಲ. ಆ ಸೋದರಿ. ಅವಳ ಹೆಸರು ನಾನು ಓದಿದ ಯಾವ ಪುಟದಲ್ಲೂ ಇಲ್ಲ. ತಮ್ಮೂರಿನ ಅಪ್ಪಣೆ ಮೀರಿದರೆ ತನ್ನ ಸಂಸಾರಕ್ಕೆ ಏನಾದೀತು ಎಂಬ ಭಯ ಅವಳಿಗೂ ಇದ್ದಿರಬೇಕು. ಕಾವ್ಯ ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ಅವಳು ಹೋದಂತೆ ಕಾಣುವುದಿಲ್ಲ. ಎಲೆ ಹಾಕಿ ಬಡಿಸಿದಳು, ಅಷ್ಟೆ.

ಕಳೆದ ಸೆಮಿಸ್ಟರಿನಲ್ಲಿ ಒಂದು ಕಂಪನಿಯ ಇಂಟರ್ನ್‌ಶಿಪ್ ಆಯ್ಕೆಯಲ್ಲಿ ಮೂರು ಸುತ್ತು ದಾಟಿದ್ದೆ. ಕೊನೆಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಆಯ್ಕೆಯಾದವರಿಗೆ ಅಭಿನಂದನೆಗಳ ಮಳೆ. ನಾನು ಫೋನ್ ಮಗುಚಿಟ್ಟೆ. ಮನೆಯಲ್ಲಿ ಹೇಗೆ ಹೇಳುವುದು ಎಂಬುದೇ ದೊಡ್ಡ ಚಿಂತೆ. ಬೆಳ್ತಂಗಡಿ ಕಡೆಯ ಸಹಪಾಠಿಯೊಬ್ಬ ಏನೂ ಕೇಳದೆ ಬಸ್ಸು ಹತ್ತಿಸಿ ವೇಣೂರಿನ ತನ್ನ ಮನೆಗೆ ಕರೆದುಕೊಂಡು ಹೋದ. ಅವನ ತಾಯಿ ಕುಚ್ಚಲಕ್ಕಿ ಗಂಜಿ, ಚಟ್ನಿ ಬಡಿಸಿದರು. ಉಪದೇಶ ಇಲ್ಲ, ಮುಂದಿನ ಸಲ ಸಿಕ್ಕೇ ಸಿಗುತ್ತದೆ ಎಂಬ ಸುಳ್ಳು ಸಮಾಧಾನವೂ ಇಲ್ಲ. ಸಂಜೆ ಫಲ್ಗುಣಿ ನದಿಯ ದಂಡೆಯ ಗೊಮ್ಮಟನನ್ನು ನೋಡಿ ಬಂದೆವು. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಮೂರ್ತಿ. ಆ ರಾತ್ರಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಭರತನಿಗೆ ಇಷ್ಟು ದೊಡ್ಡ ಮೂರ್ತಿ ನಮ್ಮ ಸುತ್ತಮುತ್ತ ಎಲ್ಲೂ ಇಲ್ಲ. ಅವನಿಗೆ ಸಿಕ್ಕಿದ್ದು ರತ್ನಾಕರನ ಹಾಡು. ಆ ಹಾಡು ಉಳಿದದ್ದಾದರೂ ಹೇಗೆ? ಆಗ ಅಚ್ಚಿನ ಯಂತ್ರವಿಲ್ಲ. ಒಂದು ಪ್ರತಿ ಬೇಕೆಂದರೆ ಯಾರಾದರೂ ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ 40,000 ಸಾಲುಗಳನ್ನು ಒಂದೊಂದಾಗಿ ಕೊರೆಯಬೇಕು. ಬೆರಳು ನೋಯುತ್ತದೆ, ತಿಂಗಳುಗಳು ಹಿಡಿಯುತ್ತವೆ. ಇಷ್ಟವಿಲ್ಲದೆ ಯಾರೂ ಮಾಡುವ ಕೆಲಸವಲ್ಲ. ಮೆರವಣಿಗೆ ಇಲ್ಲದ ಹಾಡನ್ನು ಹಾಗೆ ಕೊರೆದವರು, ಕೊರೆಸಿದವರು, ಹಾಡಿದವರು ಇದ್ದರು. ಆದ್ದರಿಂದಲೇ ಅದು ಅಚ್ಚಿನ ಕಾಲದವರೆಗೆ ಬಂದು, ಪಠ್ಯಪುಸ್ತಕಕ್ಕೂ ಬಂತು. ಕವಿಯೂ ಹಾಡುವುದನ್ನು ನಿಲ್ಲಿಸಿದವನಲ್ಲ. ಅವನ ಶತಕಗಳಿವೆ. ‘ಅಣ್ಣನ ಪದಗಳು’ ಎಂದೇ ಹೆಸರಾದ ಅಧ್ಯಾತ್ಮದ ಹಾಡುಗಳಿವೆ, ಅವು 2,000ದಷ್ಟು ಇದ್ದವು ಎಂಬ ಪ್ರತೀತಿಯಿದೆ.

ಹಾಗೆಂದು ಬಿದ್ದದ್ದೆಲ್ಲ ಒಂದು ದಿನ ಎದ್ದೇ ಏಳುತ್ತದೆ ಎಂದು ನಾನು ಹೇಳಲಾರೆ. ತಿರಸ್ಕೃತವಾಗಿ, ಪ್ರತಿ ಮಾಡುವವರಿಲ್ಲದೆ ಗೆದ್ದಲು ತಿಂದುಹೋದ ಒಳ್ಳೆಯ ಕೃತಿಗಳು ಎಷ್ಟಿದ್ದವೋ! ಪಟ್ಟಿಯಲ್ಲಿ ಹೆಸರಿಲ್ಲದ ಪ್ರತಿಯೊಬ್ಬರೂ ರತ್ನಾಕರರಲ್ಲ. ನಾನಂತೂ ಅಲ್ಲ. ನಾನು ಮುಂದಿನ ಸುತ್ತಿಗೆ ಕೋಡಿಂಗ್ ಅಭ್ಯಾಸ ಮಾಡಲೇಬೇಕು.

ಆದರೆ ಸ್ನೇಹಿತರೇ, ಆ ಒಂದು ಮನೆಯ ಕೆಲಸ ನಮ್ಮೆಲ್ಲರಿಂದಲೂ ಸಾಧ್ಯ. ಅದಕ್ಕೆ ಪ್ರತಿಭೆ ಬೇಡ, ಸಿಜಿಪಿಎ ಬೇಡ. ಪ್ಲೇಸ್‌ಮೆಂಟ್ ಋತು ಹತ್ತಿರ ಬರುತ್ತಿದೆ. ಫಲಿತಾಂಶದ ದಿನ ಅಭಿನಂದನೆ ಹೇಳಬೇಕಾದವರಿಗೆ ಹೇಳೋಣ. ಆಮೇಲೆ ಗುಂಪಿನಲ್ಲಿ ಅಂದು ಒಂದೂ ಸಂದೇಶ ಹಾಕದವರು ಯಾರು ಎಂದು ನೋಡಿ, ಅವರಿಗೊಂದು ಕರೆ ಮಾಡೋಣ. ಊಟ ಆಯ್ತಾ ಎಂದು ಕೇಳಿದರೂ ಸಾಕು.