ಪುಟ್ಟ ಅಲೆಗಳ ದೊಡ್ಡ ವಿಜ್ಞಾನಿ: ಜಗದೀಶಚಂದ್ರ ಬೋಸ್

ಮಕ್ಕಳೇ, ನಿಮ್ಮ ಸ್ಕೇಲಿನಲ್ಲಿ 5 ಮಿಲಿಮೀಟರ್ ಎಷ್ಟೆಂದು ನೋಡಿ. ಮೂರು ನಾಲ್ಕು ರಾಗಿಕಾಳು ಸಾಲಾಗಿ ಇಟ್ಟರೆ ಅಷ್ಟಾಗುತ್ತದೆ. ಇಷ್ಟು ಗಿಡ್ಡ ರೇಡಿಯೊ ಅಲೆಗಳನ್ನು ನೂರು ವರ್ಷಗಳಿಗೂ ಹಿಂದೆಯೇ ಉಂಟುಮಾಡಿದ ಭಾರತೀಯ ವಿಜ್ಞಾನಿಯ ಬಗ್ಗೆ ತಿಳಿಯೋಣ.

ಜಗದೀಶಚಂದ್ರ ಬೋಸ್ 1858ರ ನವೆಂಬರ್ 30ರಂದು, ಇಂದು ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್‌ನಲ್ಲಿ ಹುಟ್ಟಿದರು. ತಂದೆ ಭಗವಾನ್ ಚಂದ್ರ ಸರ್ಕಾರಿ ಅಧಿಕಾರಿ. ಆದರೂ ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸದೆ ಬಂಗಾಳಿ ಶಾಲೆಗೆ ಕಳುಹಿಸಿದರು. ಅಲ್ಲಿ ಬೋಸರ ಪಕ್ಕದಲ್ಲಿ ಕೂರುತ್ತಿದ್ದವರು ಮೀನುಗಾರನ ಮಗ ಮತ್ತು ಮನೆಯಾಳಿನ ಮಗ. ಅವರು ಹೇಳುತ್ತಿದ್ದ ಹಕ್ಕಿ, ಮೀನುಗಳ ಕಥೆಗಳೇ ಬೋಸರಲ್ಲಿ ಪ್ರಕೃತಿಯ ಬಗ್ಗೆ ಕುತೂಹಲ ಬೆಳೆಸಿದವು.

ಇಂಗ್ಲೆಂಡಿನಲ್ಲಿ ಓದಿ ಬಂದ ಅವರು 1885ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಭಾರತೀಯರಿಗೆ ಯುರೋಪಿನವರಿಗಿಂತ ಕಡಿಮೆ ಸಂಬಳ. ಇದನ್ನು ಒಪ್ಪದ ಬೋಸ್ ಮೂರು ವರ್ಷ ಸಂಬಳ ಮುಟ್ಟದೆಯೇ ಪಾಠ ಮಾಡಿದರು. ಮನೆಯಲ್ಲಿ ಹಣದ ತೊಂದರೆ ಇದ್ದರೂ ಪಟ್ಟು ಬಿಡಲಿಲ್ಲ. ಕೊನೆಗೆ ಸರ್ಕಾರ ಪೂರ್ಣ ಸಂಬಳವನ್ನು ಬಾಕಿ ಸಮೇತ ಕೊಟ್ಟಿತು.

ಕಾಲೇಜಿನಲ್ಲಿ ಒಳ್ಳೆಯ ಪ್ರಯೋಗಾಲಯ ಇರಲಿಲ್ಲ. ಒಂದು ಸಣ್ಣ ಕೋಣೆಯಲ್ಲಿ ತಾವೇ ಉಪಕರಣಗಳನ್ನು ಮಾಡಿಸಿಕೊಂಡರು. ಸೆಣಬಿನ ನಾರು ಮತ್ತು ಪುಸ್ತಕದ ಹಾಳೆಗಳೂ ಅವರ ಪ್ರಯೋಗಕ್ಕೆ ಬಂದವು! 1895ರಲ್ಲಿ ಕಲ್ಕತ್ತದ ಜನರ ಮುಂದೆ ತಂತಿಯಿಲ್ಲದೆ, ಗೋಡೆಯಾಚೆಗಿದ್ದ ಗಂಟೆಯನ್ನು ಬಾರಿಸಿ ತೋರಿಸಿದರು. ಅಲೆಗಳನ್ನು ಹಿಡಿಯಲು ಗೆಲೀನಾ ಎಂಬ ಸೀಸದ ಅದಿರಿನ ಹರಳನ್ನು ಬಳಸಿದರು. ಇದು ಅರೆವಾಹಕ. ಈ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಮುಂದೆ ಅವರು ಸಸ್ಯಗಳ ಅಧ್ಯಯನದತ್ತ ತಿರುಗಿದರು. 1917ರಲ್ಲಿ ಬೋಸ್ ಸಂಶೋಧನಾ ಸಂಸ್ಥೆ ಸ್ಥಾಪಿಸಿದರು. 1937ರ ನವೆಂಬರ್ 23ರಂದು ನಿಧನರಾದರು.

ಆ ಪುಟ್ಟ ಅಲೆಗಳಿಗೆ ಈಗ ಹೊಸ ಕೆಲಸ ಹುಡುಕುತ್ತಿದ್ದಾರೆ. ಕಂಪ್ಯೂಟರಿನ ಪ್ರೊಸೆಸರ್ ಒಂದು ಅರೆವಾಹಕದ ಚಿಪ್. ಅದರಲ್ಲಿ ಲೆಕ್ಕ ಮಾಡುವ ಹಲವು 'ಕೋರ್'ಗಳಿರುತ್ತವೆ. ಅವು ಸೂಕ್ಷ್ಮ ತಂತಿಗಳ ಮೂಲಕ ಮಾತಾಡುತ್ತವೆ. ಕೋರ್‌ಗಳು ಬಹಳವಾದರೆ, ದಿಬ್ಬೂರಹಳ್ಳಿಯಿಂದ ಹೊರಟ ಬಸ್ಸು ಊರೂರಿಗೂ ನಿಂತು ಶಿಡ್ಲಘಟ್ಟ ಸೇರುವಂತೆ, ಸಂದೇಶವೂ ನಿಂತು ನಿಂತು ಸಾಗಬೇಕು. ಇದರಿಂದ ಸಮಯ ಮತ್ತು ವಿದ್ಯುತ್ ಎರಡೂ ಹೆಚ್ಚು ಖರ್ಚು. ಆದ್ದರಿಂದ ಚಿಪ್ಪಿನ ಮೇಲೆಯೇ ಪುಟ್ಟ ಆಂಟೆನಾ ಕೂರಿಸಿ, ದೂರದ ಕೋರ್‌ಗೆ ನೇರವಾಗಿ ಸಂದೇಶ ಕಳುಹಿಸುವ ಸಂಶೋಧನೆ ನಡೆದಿದೆ. ಅಲೆ ಗಿಡ್ಡವಾದಷ್ಟೂ ಆಂಟೆನಾ ಚಿಕ್ಕದಾಗುತ್ತದೆ. ಹಾಗಾಗಿ ಬೋಸರ ಮಿಲಿಮೀಟರ್ ಅಲೆಗಳೇ ಇಲ್ಲಿ ಬೇಕು.

ಅಲೆ ಮತ್ತು ಆಂಟೆನಾಗಳ ಸಂಶೋಧನೆ ನಮ್ಮ ನಾಡಿನಲ್ಲೂ ಬೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕರ್ನಾಟಕದವರೇ ಆದ ರಾಜೇಶ್ವರಿ ಚಟರ್ಜಿ 1953ರಿಂದ ಈ ವಿಷಯವನ್ನು ಕಲಿಸಿ, ಅನೇಕ ಸಂಶೋಧಕರನ್ನು ತಯಾರು ಮಾಡಿದರು.

ಲೆಕ್ಕ ಹಾಕಿ: ಎಫ್.ಎಂ. ರೇಡಿಯೊ ಅಲೆಯ ಉದ್ದ ಸುಮಾರು 3 ಮೀಟರ್. ಬೋಸರ 5 ಮಿಲಿಮೀಟರ್ ಅಲೆಯ ಎಷ್ಟು ಪಟ್ಟು ಅದು?