ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್

ಕೋಳಿಯ ಮೊಟ್ಟೆಯನ್ನು ಕಾಣದ ಮನೆಯಿಲ್ಲ. ಆದರೆ ಹಾಲೂಡಿಸುವ ಪ್ರಾಣಿಗಳಲ್ಲಿಯೂ ಮನುಷ್ಯರಲ್ಲಿಯೂ ತಾಯಿಯ ಅಂಡಾಶಯದೊಳಗೆ ಅಂತಹದೊಂದು ಅಂಡವಿರುವುದೆಂದು 1827ರವರೆಗೂ ಯಾರೂ ಕಣ್ಣಾರೆ ಕಂಡು ಸ್ಥಾಪಿಸಿರಲಿಲ್ಲ. ಹುಟ್ಟಿನಲ್ಲಿ ತಾಯಿಯ ಪಾಲು ಕೇವಲ ಪೋಷಣೆಯೆಂದು ವಾದಿಸಿದ ಪಂಡಿತರೂ ಇದ್ದರು. ಈ ಸಂದೇಹವನ್ನು ನೀಗಿದವನ ಚರಿತ್ರೆಯನ್ನು ನಾವು ಇಲ್ಲಿ ಹೇಳಬಯಸುತ್ತೇವೆ.

ಬೇರನು 1792ರಲ್ಲಿ, ಆಗ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದ ಎಸ್ಟೋನಿಯದಲ್ಲಿ ಜನಿಸಿದನು. ಮನೆಯಲ್ಲಿ ಮಕ್ಕಳು ಬಹಳ. ಮಕ್ಕಳಿಲ್ಲದ ದೊಡ್ಡಪ್ಪನ ಮನೆಯಲ್ಲಿ ಬಾಲ್ಯವು ಕಳೆಯಿತು. ಡೋರ್ಪಾಟಿನಲ್ಲಿ ವೈದ್ಯಶಾಸ್ತ್ರವನ್ನು ಓದುತ್ತಿದ್ದಾಗ, 1812ರ ಯುದ್ಧದಲ್ಲಿ ರೀಗಾ ನಗರದ ರೋಗಿಗಳ ಶುಶ್ರೂಷೆಗೆ ಹೋಗಿ ತಾನೇ ವಿಷಮಜ್ವರಕ್ಕೆ ತುತ್ತಾಗಿ ಬದುಕಿಕೊಂಡನು. 1817ರಲ್ಲಿ ಕೋನಿಗ್ಸ್‌ಬರ್ಗಿನ ವಿಶ್ವವಿದ್ಯಾನಿಲಯವನ್ನು ಸೇರಿದನು.

ಆತನಿಗಿಂತ ಮೊದಲು, 1672ರಲ್ಲಿ, ಡೆಲ್ಫ್ಟ್ ನಗರದ ವೈದ್ಯನಾದ ಡಿ ಗ್ರಾಫನು ಅಂಡಾಶಯದ ನೀರ್ಗುಳ್ಳೆಗಳನ್ನು ವರ್ಣಿಸಿ, ಅವೇ ಅಂಡಗಳೆಂದು ಎಣಿಸಿದ್ದನು. ಆದರೆ ಮೊಲಗಳ ನಾಳದಲ್ಲಿ ಅವನಿಗೇ ದೊರೆತ ಅಂಡಗಳು ಆ ಗುಳ್ಳೆಗಳಿಗಿಂತ ಎಷ್ಟೋ ಚಿಕ್ಕವು! ಗುಳ್ಳೆಯಿಂದ ಹೊರಟದ್ದು ಗುಳ್ಳೆಗಿಂತ ಚಿಕ್ಕದಾದುದು ಹೇಗೆ? ಮುಂದೆ ಹಾಲರ್ ಎಂಬ ಮಹಾಪಂಡಿತನು ಸುಮಾರು 40 ಕುರಿಗಳನ್ನು ಸೀಳಿ ನೋಡಿಯೂ ಅಂಡವನ್ನು ಕಾಣದೆ, ಅದು ಗರ್ಭಕೋಶದಲ್ಲಿ ದ್ರವವು ಹೆಪ್ಪುಗಟ್ಟಿ ಆಗುವುದೆಂದು ತೀರ್ಮಾನಿಸಿಬಿಟ್ಟನು. ದೊಡ್ಡವರ ತಪ್ಪು ಬಹುಕಾಲ ಬಾಳುತ್ತದೆ.

ಬೇರನು ಹಿಂದುಹಿಂದಕ್ಕೆ ನಡೆದನು. ಬೆಳೆದ ನಾಯಿಮರಿಯ ಪಿಂಡದಿಂದ ಎಳೆಯದಕ್ಕೆ, ಅದರಿಂದ ನಾಳದಲ್ಲಿರುವ ಸಣ್ಣ ಅಂಡಕ್ಕೆ, ಕೊನೆಗೆ ಅಂಡಾಶಯಕ್ಕೇ ಬಂದನು. ಅದಕ್ಕೆ ತಕ್ಕ ಕಾಲದ ಹೆಣ್ಣುನಾಯಿಯೊಂದು ಬೇಕಾಗಿತ್ತು. ಹಿರಿಯ ಸಹೋದ್ಯೋಗಿಯಾದ ಬುರ್ಡಾಖನು ತನ್ನ ಮನೆಯ ನಾಯಿಯನ್ನೇ ಒಪ್ಪಿಸಿದನು. ಆ ಮೂಕಪ್ರಾಣಿಯನ್ನು ನೆನೆದು ನಮ್ಮ ಮನಸ್ಸು ಇಂದಿಗೂ ನೋಯುತ್ತದೆ. ಗುಳ್ಳೆಗಳೊಳಗೆ ಹಳದಿ ಚುಕ್ಕೆಗಳು ಬರಿಗಣ್ಣಿಗೇ ತೋರಿದವು. ಒಂದನ್ನು ಸೀಳಿ, ಚುಕ್ಕೆಯನ್ನೆತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವನು ಸಿಡಿಲು ಬಡಿದವನಂತೆ ಹಿಂದೆ ಸರಿದನು. ಕಂಡದ್ದು ಭ್ರಮೆಯಾಗಿದ್ದರೆ ಎಂಬ ಅಂಜಿಕೆಯಿಂದ ಮತ್ತೆ ನೋಡಲು ಸ್ವಲ್ಪ ಹೊತ್ತು ಧೈರ್ಯ ಬರಲಿಲ್ಲ. ಸ್ಪಷ್ಟವಾದ ಗೋಳಾಕಾರದ ಅಂಡವು ಅಲ್ಲಿತ್ತು. ಗುಳ್ಳೆಯು ಅಂಡವಲ್ಲ, ಅಂಡದ ಮನೆ. ಮನುಷ್ಯರ ಅಂಡವಾದರೋ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟೇ.

ಈ ಸಂಗತಿಯನ್ನು ಪೀಟರ್ಸ್‌ಬರ್ಗಿನ ಅಕಾಡೆಮಿಗೆ ಲ್ಯಾಟಿನ್ ಭಾಷೆಯ ಪತ್ರರೂಪದಲ್ಲಿ ಬರೆದು ಅಚ್ಚುಹಾಕಿಸಿದನು. ಆದರೆ 1828ರಲ್ಲಿ ಬರ್ಲಿನ್ನಿನಲ್ಲಿ ವಿಜ್ಞಾನಿಗಳು ನೆರೆದಾಗ ಯಾರೂ ಅದರ ಮಾತೆತ್ತಲಿಲ್ಲ. ಸಭೆಯು ಮುಗಿಯುವ ಹೊತ್ತಿಗೆ ಸ್ವೀಡನ್ನಿನ ರೆಟ್ಸಿಯಸನು ಕೇಳಿಕೊಂಡ ಮೇಲೆಯೇ ಅದನ್ನು ತೋರಿಸುವ ಅವಕಾಶ ದೊರೆಯಿತು.

ಅತಿಶ್ರಮದಿಂದ ದೇಹವು ಬಳಲಿತು. ಒಂದು ವರ್ಷ ಹಿಮವಿರುವಾಗ ಮನೆಯೊಳಗೆ ಸೇರಿದವನು ಹೊರಬಂದು ನೋಡಿದರೆ ಹೊಲದಲ್ಲಿ ರೈ ಪೈರು ತೆನೆಬಿಟ್ಟು ನಿಂತಿತ್ತು. ವಸಂತವೇ ಕೈತಪ್ಪಿತ್ತು! ನೆಲದ ಮೇಲೆ ಬಿದ್ದು ತನ್ನನ್ನು ತಾನೇ ಹಳಿದುಕೊಂಡನಂತೆ. 1834ರಲ್ಲಿ ಪೀಟರ್ಸ್‌ಬರ್ಗಿಗೆ ತೆರಳಿದ ಮೇಲೆ ಪಿಂಡಶಾಸ್ತ್ರವನ್ನು ಬಹುಮಟ್ಟಿಗೆ ಬಿಟ್ಟು, 1837ರಲ್ಲಿ ನೊವಾಯ ಜೆಮ್ಲ್ಯ ದ್ವೀಪಗಳನ್ನೂ ಮುಂದೆ ಕ್ಯಾಸ್ಪಿಯನ್ ಸಮುದ್ರದ ಮೀನುಗಾರಿಕೆಯನ್ನೂ ಪರಿಶೀಲಿಸಿದನು.

ಆತನೂ ಎಡವಿದನು. ತಂದೆಯ ಬೀಜಕಣಗಳನ್ನು ಪರೋಪಜೀವಿ ಜಂತುಗಳೆಂದೇ ಭಾವಿಸಿ, ಇಂದಿಗೂ ಬಳಕೆಯಲ್ಲಿರುವ ಸ್ಪರ್ಮಟೋಜೋವಾ ಎಂಬ ಹೆಸರನ್ನು ಅವುಗಳಿಗಿಟ್ಟನು. ಕಡಲಮುಳ್ಳುಕಾಯಿ ಎಂಬ ಜೀವಿಯ ಅಂಡದೊಳಗೆ ಎರಡು ಬೀಜಕೇಂದ್ರಗಳು ಕೂಡುವುದನ್ನು ಹರ್ಟ್ವಿಗ್ ಎಂಬ ತರುಣನು 1876ರಲ್ಲಿ ಪ್ರಕಟಿಸಿದನು. ಅದೇ ವರ್ಷದ ನವೆಂಬರಿನಲ್ಲಿ ಬೇರನು, ತಾನು ಓದಿದ ಡೋರ್ಪಾಟಿನಲ್ಲಿಯೇ, 84ನೆಯ ವಯಸ್ಸಿನಲ್ಲಿ ತೀರಿಕೊಂಡನು.